ಬಿಪಿ ನಾರ್ಮಲ್ ಬಂತಲ್ಲ, ಇನ್ನೂ ಮಾತ್ರೆ ಯಾಕೆ? ಕೋಲಾರದಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳು

ಕೋಲಾರ ಜಿಲ್ಲೆಯಲ್ಲಿ ಬಿಪಿ, ಶುಗರ್ ಇದೆಯಾ ಇಲ್ಲವಾ ಅಂತ ತಿಳಿದುಕೊಳ್ಳಲು ಈಗ ಆಸ್ಪತ್ರೆಗೇ ಹೋಗಬೇಕು ಅಂತಿಲ್ಲ. ರಾಜ್ಯ ಸರ್ಕಾರ ಗೃಹ ಆರೋಗ್ಯ ಯೋಜನೆಯನ್ನು 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿದ್ದು ಇದೇ ಜಿಲ್ಲೆಯಲ್ಲಿ. ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೆ ಬಂದು 30 ವರ್ಷ ದಾಟಿದವರ ಬಿಪಿ, ಶುಗರ್ ನೋಡುತ್ತಾರೆ. ಜಾಸ್ತಿ ಇದ್ದರೆ ಆಸ್ಪತ್ರೆಗೆ ಕಳಿಸುತ್ತಾರೆ. ಮಾತ್ರೆ ಉಚಿತ. ಮರುವರ್ಷ ಯೋಜನೆ ರಾಜ್ಯದ ಬೇರೆ ಜಿಲ್ಲೆಗಳಿಗೂ ಹೋಯಿತು. ಬಾಯಿ ಸೊಟ್ಟಗಾಗಿ, ಕೈ ಬಿದ್ದು ಹೋದ ಮೇಲಷ್ಟೇ ‘ಬಿಪಿ ಇತ್ತಂತೆ’ ಅಂತ ಗೊತ್ತಾಗುತ್ತಿದ್ದ ಊರುಗಳಲ್ಲಿ ಇದು ದೊಡ್ಡ ಬದಲಾವಣೆ.

ಆದರೆ ಚೀಟಿಯಲ್ಲಿ 160/100 ಅಂತ ಬರೆದುಕೊಟ್ಟ ಕೂಡಲೇ ಕೆಲಸ ಮುಗಿಯುವುದಿಲ್ಲ. ಆ ಚೀಟಿ ಹಿಡಿದವರ ತಲೆಯಲ್ಲಿ ಆಗಲೇ ನಾಲ್ಕಾರು ಪ್ರಶ್ನೆ ಹುಟ್ಟಿರುತ್ತವೆ. ನನಗೆ ಏನೂ ಆಗ್ತಿಲ್ವಲ್ಲ, ಮಾತ್ರೆ ಯಾಕೆ? ಒಂದ್ಸಲ ಶುರು ಮಾಡಿದರೆ ಸಾಯೋ ತನಕ ಬಿಡೋ ಹಾಗಿಲ್ವಾ? ಕಿಡ್ನಿ ಹೋಗುತ್ತಂತೆ, ಹೌದಾ? ಮುದ್ದೆ ತಿನ್ನಬಹುದಾ? ಇವಕ್ಕೆ ಉತ್ತರ ಸಿಗದಿದ್ದರೆ ಮಾತ್ರೆ ಗೂಡಿನಲ್ಲೇ ಉಳಿಯುತ್ತದೆ. ಮಾತ್ರೆ ಬಿಟ್ಟವರನ್ನು ‘ಅಸಡ್ಡೆ ಜನ’ ಅಂದುಬಿಡುವುದು ಸುಲಭ. ನನ್ನ ಪ್ರಕಾರ ಬಹಳಷ್ಟು ಮಂದಿ ಬಿಡುವುದು ಅಸಡ್ಡೆಯಿಂದಲ್ಲ, ಪ್ರಶ್ನೆ ಹಾಗೇ ಉಳಿದುಬಿಟ್ಟಿದ್ದರಿಂದ.

ಎಷ್ಟು ಜನರ ವಿಷಯ ಇದು ಅಂತ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ಬಿಪಿ ಇರುವವರು 31.5 ಕೋಟಿ. ಇಷ್ಟು ಜನಕ್ಕೆ ಡಾಕ್ಟರ ಸಮಯ ಎಷ್ಟು ಸಿಗುತ್ತದೆ? 67 ದೇಶಗಳ ಮಾಹಿತಿ ಒಟ್ಟುಗೂಡಿಸಿ 2017ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ನಮ್ಮ ದೇಶದಲ್ಲಿ ಪ್ರಾಥಮಿಕ ಹಂತದ ಡಾಕ್ಟರು ಒಬ್ಬ ರೋಗಿಯನ್ನು ನೋಡುವುದು ಸರಾಸರಿ ಎರಡು ನಿಮಿಷದ ಆಸುಪಾಸು. ಅಷ್ಟರಲ್ಲಿ ಬಿಪಿ ನೋಡಬೇಕು, ಚೀಟಿ ಬರೆಯಬೇಕು, ಮುಂದಿನವರನ್ನು ಕರೆಯಬೇಕು. ಹಾಗಾಗಿ ಪ್ರಶ್ನೆ ಮೆಡಿಕಲ್ ಸ್ಟೋರಿನ ಹುಡುಗನ ಹತ್ತಿರ ಹೋಗುತ್ತದೆ. ಇಲ್ಲವೇ ‘ನಂಗೂ ಇದೇ ಆಗಿತ್ತು’ ಅನ್ನುವ ಪಕ್ಕದ ಮನೆಯವರ ಹತ್ತಿರ. ಈಚೆಗೆ ವಾಟ್ಸಾಪ್ ವಿಡಿಯೊ ಹತ್ತಿರ.

ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಕಿವಿಗೆ ಬಿದ್ದ ಮಾತು ಹೀಗಿತ್ತು. ಐವತ್ತು ದಾಟಿದ ಹೆಂಗಸು, ಮುಳಬಾಗಿಲು ಕಡೆಯವರು. ಕೈಚೀಲದಿಂದ ಅರ್ಧ ಖಾಲಿಯಾದ ಮಾತ್ರೆ ಪಟ್ಟಿ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟರು.

“ಅಮ್ಮ, ದಿನಾ ತಗೊಳ್ತಿದ್ದೀರಾ?”

“ಒಂದು ತಿಂಗ್ಳು ತಗೊಂಡೆ ಸಾರ್. ಆಶಾ ಮೇಡಂ ಬಂದು ನೋಡಿದ್ರು, ನಾರ್ಮಲ್ ಇದೆ ಅಂದ್ರು. ಅದಕ್ಕೇ ಬಿಟ್ಬಿಟ್ಟೆ.”

“ಮಾತ್ರೆ ತಗೊಂಡಿದ್ದಕ್ಕೇ ಅಲ್ವಾ ಅಮ್ಮ ನಾರ್ಮಲ್ ಬಂದಿದ್ದು. ಬಿಟ್ಟಿದ್ದಕ್ಕೆ ನೋಡಿ, ಇವತ್ತು 170.”

“ಇದನ್ನ ಆವತ್ತೇ ಹೇಳಿದ್ದಿದ್ರೆ ಬಿಡ್ತಾನೇ ಇರ್ಲಿಲ್ಲ ಸಾರ್.”

ಆಕೆ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಜ್ವರದ ಮಾತ್ರೆ ಜ್ವರ ಬಿಟ್ಟ ಮೇಲೆ ನಿಲ್ಲಿಸುತ್ತೇವೆ. ಬಿಪಿ ಮಾತ್ರೆಯೂ ಹಾಗೇ ಅಂದುಕೊಂಡರು. ಆದರೆ ಬಿಪಿ ಮಾತ್ರೆ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಒತ್ತಡವನ್ನು ಆವತ್ತಿನ ಮಟ್ಟಿಗೆ ಹಿಡಿದಿಡುತ್ತದೆ. ಟೊಮೆಟೊ ತೋಟದ ಡ್ರಿಪ್ ಪೈಪಿನಲ್ಲಿ ಪ್ರೆಶರ್ ಜಾಸ್ತಿಯಾದರೆ ಹೊರಗಿನಿಂದ ಏನೂ ಕಾಣುವುದಿಲ್ಲ, ಒಂದು ದಿನ ಜಾಯಿಂಟ್ ಕಿತ್ತುಕೊಂಡಾಗಲೇ ಗೊತ್ತಾಗುವುದು. ರಕ್ತನಾಳದ ಕತೆಯೂ ಅಷ್ಟೇ. ತಲೆನೋವಿಲ್ಲ, ಸುಸ್ತಿಲ್ಲ, ಆದರೂ ಒಳಗೆ ಮೆದುಳು, ಹೃದಯ, ಕಿಡ್ನಿ, ಕಣ್ಣಿನ ನಾಳಗಳು ಏಟು ತಿನ್ನುತ್ತಲೇ ಇರುತ್ತವೆ.

ಹಾಗಾದರೆ ಜೀವನಪೂರ್ತಿ ತಿನ್ನಬೇಕಾ? ಹೆಚ್ಚಿನವರಿಗೆ ಹೌದು. ಆದರೆ ಪ್ರಮಾಣ ಹೀಗೇ ಇರಬೇಕು ಅಂತೇನಿಲ್ಲ. ತೂಕ ಇಳಿದು, ಉಪ್ಪು ಕಡಿಮೆಯಾಗಿ, ದಿನಾ ನಡೆದಾಡಿದರೆ ಎರಡು ಮಾತ್ರೆ ಒಂದಾಗಬಹುದು. ಅದನ್ನು ಡಾಕ್ಟರು ತೀರ್ಮಾನಿಸಬೇಕು, ನಾವಾಗಿ ಬಿಡಬಾರದು. ಉಪ್ಪಿನ ಲೆಕ್ಕ ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಸಾರಿನಲ್ಲಿ, ಉಪ್ಪಿನಕಾಯಿಯಲ್ಲಿ, ಹಪ್ಪಳದಲ್ಲಿ, ಬೇಕರಿ ಖಾರದಲ್ಲಿ ಇರುವುದೆಲ್ಲ ಸೇರಿ ಇಷ್ಟು.

ಕಿಡ್ನಿಯ ಭಯಕ್ಕೂ ನೇರ ಉತ್ತರ ಬೇಕು. ಕಿಡ್ನಿ ಕೆಡಿಸುವುದರಲ್ಲಿ ಮೊದಲ ಎರಡು ಸ್ಥಾನ ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆಗೆ ಮತ್ತು ಬಿಪಿಗೆ. ಅವನ್ನು ತಡೆಯುವ ಮಾತ್ರೆಗೆ ಆ ಆಪಾದನೆ ಹೊರಿಸುವುದು ತಪ್ಪು. ಟೆಲ್ಮಿಸಾರ್ಟನ್, ಎನಾಲಪ್ರಿಲ್ ತರಹದ ಬಿಪಿ ಮಾತ್ರೆಗಳನ್ನು ಸಕ್ಕರೆ ಕಾಯಿಲೆಯವರಿಗೆ ಕಿಡ್ನಿ ಕಾಪಾಡಲಿ ಅಂತಲೇ ಕೊಡುವುದುಂಟು. ಆದರೆ ಅಡ್ಡ ಪರಿಣಾಮ ಇಲ್ಲವೇ ಇಲ್ಲ ಅನ್ನುವುದೂ ಸುಳ್ಳು. ಆಮ್ಲೋಡಿಪಿನ್ ತಗೊಂಡ ಕೆಲವರಿಗೆ ಕಾಲಿನ ಹರಡು ಊದುತ್ತದೆ. ಎನಾಲಪ್ರಿಲ್, ರಾಮಿಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಹೀಗಾದರೆ ಬದಲಿ ಮಾತ್ರೆ ಇದೆ. ‘ಕಾಲು ಊತ ಬಂದ್ರೆ ನಿಲ್ಲಿಸ್ಬೇಡಿ, ಬಂದು ಹೇಳಿ’ ಅನ್ನುವ ಒಂದು ಮಾತು ಮೊದಲೇ ಬಿದ್ದಿದ್ದರೆ ಎಷ್ಟೋ ಜನ ಹೆದರಿ ಮಾತ್ರೆ ಎಸೆಯುತ್ತಿರಲಿಲ್ಲ.

ಬಿಪಿ ನೋಡಿಸುವ ರೀತಿಯೂ ಮುಖ್ಯ. ಬಸ್ ಇಳಿದು ಬಿರಬಿರನೆ ನಡೆದು ಬಂದು, ಸಾಲಿನಲ್ಲಿ ನೂಕಾಡಿ, ಕೂತ ತಕ್ಷಣ ಪಟ್ಟಿ ಕಟ್ಟಿಸಿಕೊಂಡರೆ ಲೆಕ್ಕ ಜಾಸ್ತಿಯೇ ಬರುತ್ತದೆ. ಐದು ನಿಮಿಷ ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ಮಾತಾಡದೆ ಕೂರಬೇಕು. ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಅವಸರ ಇದ್ದರೆ ಹೋಗಿ ಬರಬೇಕು.

ಇನ್ನು ಶುಗರ್. ಖಾಲಿ ಹೊಟ್ಟೆಯಲ್ಲಿ 126 ಅಥವಾ ಜಾಸ್ತಿ, ಇಲ್ಲವೇ ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆಯಲ್ಲಿ 6.5 ಅಥವಾ ಜಾಸ್ತಿ ಬಂದರೆ ಸಕ್ಕರೆ ಕಾಯಿಲೆ ಅನ್ನುತ್ತಾರೆ. ಲಕ್ಷಣ ಏನೂ ಇಲ್ಲದವರಿಗೆ ಇನ್ನೊಮ್ಮೆ ನೋಡಿ ಖಚಿತ ಮಾಡುತ್ತಾರೆ. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ. ಹಾಗಾಗಿ ಪರೀಕ್ಷೆಯ ಹಿಂದಿನ ಎರಡು ದಿನ ಪಥ್ಯ ಮಾಡಿದರೆ ಅದು ಮೋಸ ಹೋಗುವುದಿಲ್ಲ. ಆದರೆ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಈ ಲೆಕ್ಕ ಇದ್ದದ್ದಕ್ಕಿಂತ ಜಾಸ್ತಿ ತೋರಿಸಬಹುದು. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ಗೊತ್ತಲ್ಲ, ಆದ್ದರಿಂದ ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ಕೇಳಿ.

ಮುದ್ದೆಯ ಪ್ರಶ್ನೆ ಕೋಲಾರದಲ್ಲಿ ಕೇಳದ ದಿನವಿಲ್ಲ. ‘ಅನ್ನ ಬಿಟ್ಟು ಮುದ್ದೆ ತಿನ್ನಿ’ ಅಂತ ಡಾಕ್ಟರು ಹೇಳಿದ್ದನ್ನು ‘ಮುದ್ದೆ ಎಷ್ಟು ಬೇಕಾದ್ರೂ ತಿನ್ನಬಹುದು’ ಅಂತ ಕೇಳಿಸಿಕೊಳ್ಳುವವರೇ ಜಾಸ್ತಿ. ರಾಗಿ ಒಳ್ಳೆಯದೇ. ನಾರಿನಂಶ ಇದೆ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದು ತೀರಾ ಕಡಿಮೆ. ಆದರೆ ಅದೇ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪಿಷ್ಟದ ಅಂಶ ಸುಮಾರು 70 ಗ್ರಾಂ. ದಿನವಿಡೀ ಹೊಲದಲ್ಲಿ ಗೇಯುತ್ತಿದ್ದ ಕಾಲದ ಮುದ್ದೆಯ ಗಾತ್ರವನ್ನೇ ಈಗ ಅಂಗಡಿಯಲ್ಲಿ ಕೂತವರು ಉಂಡರೆ ಶುಗರ್ ಏರದೆ ಇರುತ್ತಾ? ಎರಡು ಮುದ್ದೆ ಒಂದಾಗಲಿ, ಅದೂ ಚಿಕ್ಕದಾಗಲಿ. ಜೊತೆಗೆ ಮಸ್ಸೊಪ್ಪು, ಹುರುಳಿ ಬಸ್ಸಾರು, ಅವರೆಕಾಳು, ಮೊಟ್ಟೆ ಜಾಸ್ತಿಯಾಗಲಿ. ರಾಗಿ ಮಾಲ್ಟನ್ನು ನೀರಾಗಿ ಕುಡಿದರೆ ಶುಗರ್ ಇನ್ನೂ ಬೇಗ ಏರುತ್ತದೆ, ಬೆಲ್ಲ ಹಾಕಿದರಂತೂ ಕೇಳುವುದೇ ಬೇಡ. ಬೆಲ್ಲವೂ ಶುಗರ್ ಮಟ್ಟಿಗೆ ಸಕ್ಕರೆಯೇ. ಶ್ರೀನಿವಾಸಪುರದ ಮಾವಿನ ಕಾಲದಲ್ಲಿ ಹಣ್ಣು ಮುಟ್ಟಲೇಬೇಡಿ ಅಂದರೆ ಯಾರೂ ಕೇಳುವುದಿಲ್ಲ. ಶುಗರ್ ಹಿಡಿತದಲ್ಲಿದ್ದರೆ ಅರ್ಧ ಹಣ್ಣು, ಊಟದ ಮೇಲೆ ಅಲ್ಲ, ಸಂಜೆ ಬಿಸ್ಕತ್ತು, ಬೋಂಡಾ ಬದಲು. ಕದ್ದು ತಿಂದು ಡಾಕ್ಟರಿಗೆ ಸುಳ್ಳು ಹೇಳುವುದಕ್ಕಿಂತ ಇದು ಎಷ್ಟೋ ವಾಸಿ.

ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಊಟದ ಜೊತೆ ತಗೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಅದು ಕಿಡ್ನಿ ಕೆಡಿಸುವುದಿಲ್ಲ. ಕಿಡ್ನಿ ಮೊದಲೇ ಕೆಟ್ಟಿದ್ದರೆ ಮಾತ್ರ ಅದರ ಪ್ರಮಾಣ ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ವರ್ಷಗಟ್ಟಲೆ ತಗೊಂಡವರಿಗೆ ವಿಟಮಿನ್ ಬಿ12 ಕಡಿಮೆಯಾಗಬಹುದು. ಕಾಲು ಜೋಮು ಹಿಡಿಯುತ್ತಿದ್ದರೆ ಅದನ್ನೂ ನೋಡಿಸಬೇಕು.

ನಿಜವಾಗಿ ಹುಷಾರಾಗಿರಬೇಕಾದದ್ದು ಗ್ಲಿಮೆಪಿರೈಡ್ ತರಹದ ಶುಗರ್ ಮಾತ್ರೆ ಮತ್ತು ಇನ್ಸುಲಿನ್ ವಿಷಯದಲ್ಲಿ. ಕೋಲಾರದ ಟೊಮೆಟೊ ಮಾರ್ಕೆಟ್‌ಗೆ ಬೆಳಕು ಹರಿಯುವ ಮುಂಚೆ ಹೊರಡುವವರು ಮಾತ್ರೆ ನುಂಗಿ, ‘ತಿಂಡಿ ಅಲ್ಲೇ ತಿಂದರಾಯಿತು’ ಅಂತ ಹೋಗುತ್ತಾರೆ. ಹರಾಜು ಮುಗಿಯುವಷ್ಟರಲ್ಲಿ ಕೈ ನಡುಗಿ, ಬೆವರಿ, ಕಣ್ಣು ಕತ್ತಲೆ. ಅದು ಶುಗರ್ ಕುಸಿದ ಲಕ್ಷಣ. ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು, ಆಮೇಲೆ ತಿಂಡಿ ತಿನ್ನಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಈ ಮಾತ್ರೆ ಬರೆಯುವಾಗ ‘ತಿಂಡಿ ಎಷ್ಟು ಹೊತ್ತಿಗೆ?’ ಅಂತ ಕೇಳುವ ಡಾಕ್ಟರು ದೊಡ್ಡ ಅಪಾಯವನ್ನೇ ತಪ್ಪಿಸುತ್ತಾರೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ನೋವಿನ ಮಾತ್ರೆಯ ಬಗ್ಗೆ. ಇದನ್ನು ಯಾರೂ ಪ್ರಶ್ನೆ ಅಂತ ಕೇಳುವುದೇ ಇಲ್ಲ. ‘ಏನೇನು ಮಾತ್ರೆ ತಗೊಳ್ತೀರಿ?’ ಅಂದರೆ ಬಿಪಿ, ಶುಗರ್ ಹೇಳುತ್ತಾರೆ. ಮಂಡಿನೋವಿಗೆ ಅಂಗಡಿಯಿಂದ ತರುವುದು ಲೆಕ್ಕಕ್ಕೇ ಬರುವುದಿಲ್ಲ. ಈ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಅನ್ನುವುದು ಹಳೆಯ ಸಂಗತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ ಹೆಚ್ಚೆಂದರೆ 1.5 ಅನ್ನುವುದು ಭಾರತೀಯ ಮಾನಕ. ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕೊಳವೆ ಬಾವಿಗಳು ಇದನ್ನು ದಾಟಿವೆ. ಚಿಕ್ಕಂದಿನಿಂದ ವರ್ಷಗಟ್ಟಲೆ ಆ ನೀರು ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಮುಂದೆ ಸೊಂಟ, ಕತ್ತು, ಮಂಡಿ ಬಿಗಿಯುತ್ತವೆ. ನೋವು ನಿಜ. ಹಾಗಾಗಿ ಡೈಕ್ಲೊಫಿನಾಕ್, ಅಸೆಕ್ಲೊಫಿನಾಕ್ ದಿನನಿತ್ಯದ ಊಟವಾಗಿಬಿಡುತ್ತವೆ.

ಈ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ, ಬಿಪಿ ಏರಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಟೆಲ್ಮಿಸಾರ್ಟನ್ ಜೊತೆಗೆ ಮೂತ್ರ ಜಾಸ್ತಿ ಮಾಡುವ ಮಾತ್ರೆಯನ್ನೂ ತಗೊಳ್ಳುವವರು ಇದನ್ನು ಸೇರಿಸಿದರೆ, ಅದರಲ್ಲೂ ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದ ದಿನ, ಕಿಡ್ನಿ ದಿಢೀರನೆ ಕೈಕೊಡಬಹುದು. ಆಮೇಲೆ ಊರಲ್ಲಿ ಹಬ್ಬುವ ಸುದ್ದಿ ಏನು ಗೊತ್ತಾ? ‘ಬಿಪಿ ಮಾತ್ರೆ ತಿಂದು ಕಿಡ್ನಿ ಹೋಯ್ತು.’

ಇನ್ನೂ ಕೆಟ್ಟದ್ದು ಸಂತೆಯಲ್ಲಿ, ಕೆಲವು ನಕಲಿ ವೈದ್ಯರ ಹತ್ತಿರ ಸಿಗುವ ಹೆಸರಿಲ್ಲದ ಪುಡಿ ಪೊಟ್ಟಣ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸುವುದುಂಟು. ಎರಡೇ ದಿನದಲ್ಲಿ ನೋವು ಮಾಯ, ಹಸಿವು ಜಾಸ್ತಿ, ಮುಖ ದುಂಡಗಾಗುತ್ತದೆ. ಜೊತೆಗೆ ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ. ತಿಂಗಳುಗಟ್ಟಲೆ ತಿಂದು ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಆದ್ದರಿಂದ ಪೊಟ್ಟಣವನ್ನು ಬಚ್ಚಿಡದೆ ಡಾಕ್ಟರಿಗೆ ತೋರಿಸಿ. ತೋರಿಸಿದವರನ್ನು ಬೈಯಬೇಡಿ ಅಂತ ಡಾಕ್ಟರುಗಳಲ್ಲೂ ಕೇಳಿಕೊಳ್ಳುತ್ತೇನೆ. ಒಮ್ಮೆ ಬೈಸಿಕೊಂಡವರು ಮತ್ತೆಂದೂ ನಿಜ ಹೇಳುವುದಿಲ್ಲ.

ನೋವಿಗೆ ಮೊದಲು ಪ್ಯಾರಾಸಿಟಮಾಲ್, ಹೇಳಿದ ಲೆಕ್ಕ ದಾಟದೆ. ಜೊತೆಗೆ ಶಾಖ, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ, ಹಚ್ಚುವ ಮುಲಾಮು. ಬಿಪಿ, ಶುಗರ್ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ಜೊತೆಗೆ ಮೂತ್ರದಲ್ಲಿ ಅಲ್ಬುಮಿನ್ (ಒಂದು ಪ್ರೋಟೀನ್) ನೋಡಿಸಬೇಕು. ಕ್ರಿಯಾಟಿನಿನ್ ಏರುವ ಹೊತ್ತಿಗೆ ಕಿಡ್ನಿಯ ಅರ್ಧ ಶಕ್ತಿ ಹೋಗಿರುತ್ತದೆ. ಅಲ್ಬುಮಿನ್ ಅದಕ್ಕಿಂತ ಬಹಳ ಮುಂಚೆ ಎಚ್ಚರಿಸುತ್ತದೆ. ಇನ್ನು ನೀರಿನ ವಿಷಯ. ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ಕುಡಿಯುವ ಮನೆಗಳಲ್ಲೂ ಮುದ್ದೆಗೆ, ಸಾರಿಗೆ ಬೋರ್ ನೀರನ್ನೇ ಇಡುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಫ್ಲೋರೈಡ್ ಇರುವ ಊರಲ್ಲಿ ಅಡುಗೆಗೂ ಘಟಕದ ನೀರೇ ಬೇಕು.

ಎದೆ ಉರಿಯ ಬಗ್ಗೆ ಹೇಳದೆ ಇರುವಂತಿಲ್ಲ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಏನೂ ತೊಂದರೆ ಇಲ್ಲದವರು ಹೆದರಿ ಓಡಿದರು. ಇನ್ನೊಂದು ಕಡೆ, ನಿಜವಾದ ಎದೆನೋವನ್ನು ಗ್ಯಾಸ್ ಅಂತ ಸೋಡಾ ಕುಡಿದು ಮಲಗುವವರು ಇವತ್ತಿಗೂ ಇದ್ದಾರೆ. ಹೊಟ್ಟೆ ತುಂಬಾ ಉಂಡ ಮೇಲೆ, ಬಗ್ಗಿದಾಗ, ಮಲಗಿದಾಗ ಉರಿ ಬಂದರೆ ಬಹುಪಾಲು ಹೊಟ್ಟೆಯದೇ. ನಡೆದಾಗ ಬಂದು ನಿಂತಾಗ ಕಡಿಮೆಯಾಗುವ ಬಿಗಿತ, ಬೆವರು, ಏದುಸಿರು, ಎಡಗೈಗೋ ದವಡೆಗೋ ಎಳೆಯುವ ನೋವು ಹೃದಯದ್ದಿರಬಹುದು. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಬೆವರು ಬರಬಹುದು. ಅನುಮಾನ ಬಂದರೆ ಇಸಿಜಿ ಮಾಡಿಸಿ. ಅದಕ್ಕಾಗಿ ಬೆಂಗಳೂರಿಗೆ 70 ಕಿಲೋಮೀಟರ್ ಓಡಬೇಕಾಗಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ.

ಸುಸ್ತಿಗೆ ಗ್ಲೂಕೋಸ್ ಹಾಕಿಸಿಕೊಳ್ಳುವ ವಿಷಯ ಚಿಕ್ಕದು. ಅರ್ಧ ಲೀಟರಿನ 5 ಪರ್ಸೆಂಟ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್, ಅಂದರೆ ಐದಾರು ಚಮಚ ಸಕ್ಕರೆಯಷ್ಟು. ಬಾಯಲ್ಲಿ ತಿನ್ನಲು, ಕುಡಿಯಲು ಆಗುವವರಿಗೆ ಅದರಿಂದ ವಿಶೇಷ ಶಕ್ತಿ ಏನೂ ಬರುವುದಿಲ್ಲ. ಡೆಂಗಿ ಜ್ವರದಲ್ಲಿ ಮಾತ್ರ ನೆನಪಿಡಿ: ಜ್ವರ ಇಳಿದ ಮೇಲಿನ ಎರಡು ದಿನವೇ ಅಪಾಯದ್ದು. ಹೊಟ್ಟೆನೋವು, ಪದೇಪದೇ ವಾಂತಿ, ರಕ್ತಸ್ರಾವ, ಮಂಪರು ಬಂದರೆ ಪ್ಲೇಟ್‌ಲೆಟ್ ಲೆಕ್ಕ ಎಷ್ಟೇ ಇರಲಿ ಆಸ್ಪತ್ರೆಗೆ ಹೋಗಿ. ಡೈಕ್ಲೊಫಿನಾಕ್, ಐಬುಪ್ರೊಫೆನ್ ಮುಟ್ಟಬೇಡಿ. ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಫಿಗೆ ಅರ್ಧ ಮುಕ್ಕಾಲು ಗಂಟೆ ಮುಂಚೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಯಿಂದ ನಾಲ್ಕು ಗಂಟೆ ದೂರ.

ಈ ಉತ್ತರಗಳು ಯಾವ ಡಾಕ್ಟರಿಗೂ ಹೊಸದಲ್ಲ. ಹೇಳಲು ಹೊತ್ತಿಲ್ಲ ಅನ್ನುವುದೇ ತೊಂದರೆ. ಹಾಗಾದರೆ ಹೇಳುವ ಕೆಲಸವನ್ನು ಹಂಚಿಕೊಳ್ಳಬೇಕು. ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಅವರು ಇ-ಸಂಜೀವಿನಿ ಮೂಲಕ ಡಾಕ್ಟರನ್ನು ವಿಡಿಯೊದಲ್ಲಿ ಸಂಪರ್ಕಿಸಬಹುದು. ತಿಂಗಳ ಮಾತ್ರೆ ಕೊಡುವ ದಿನ ಹತ್ತು ಜನರನ್ನು ಒಟ್ಟಿಗೆ ಕೂರಿಸಿ ಅರ್ಧ ಗಂಟೆ ಪ್ರಶ್ನೆ ಕೇಳಿಸಿಕೊಂಡರೂ ಸಾಕು, ಒಬ್ಬರ ಪ್ರಶ್ನೆ ಉಳಿದ ಒಂಬತ್ತು ಜನರದ್ದೂ ಆಗಿರುತ್ತದೆ. ತೆಲುಗಿನಲ್ಲಿ ಕೇಳುವವರಿಗೆ ತೆಲುಗಿನಲ್ಲೇ ಹೇಳಬೇಕು. ಆಂಧ್ರದ ಗಡಿಯ ಈ ತಾಲ್ಲೂಕುಗಳಲ್ಲಿ ಇದು ತೀರಾ ಅಗತ್ಯ.

ಔಷಧಿ ಕೊಡುವ ಕಿಟಕಿಯಲ್ಲೂ ಒಂದು ಬದಲಾವಣೆ ಬೇಕು. ಪಟ್ಟಿಯನ್ನು ಕತ್ತರಿಯಲ್ಲಿ ಕತ್ತರಿಸಿದಾಗ ಹೆಸರು ಒಂದು ತುಂಡಿಗೆ, ತಾರೀಖು ಇನ್ನೊಂದು ತುಂಡಿಗೆ ಹೋಗುತ್ತದೆ. ಬಿಪಿಯದ್ದೂ ಬಿಳಿ ಮಾತ್ರೆ, ಶುಗರಿನದ್ದೂ ಬಿಳಿ ಮಾತ್ರೆ. ಕವರಿನ ಮೇಲೆ 1-0-1 ಅಂತ ಗೀಚಿದ್ದು ಓದು ಬಾರದ ಅಜ್ಜಿಗೆ ಏನು ಹೇಳೀತು? ಕವರಿನ ಮೇಲೆ ಸೂರ್ಯ, ಚಂದ್ರನ ಗುರುತು ಅಚ್ಚಾಗಲಿ, ಇದು ಬಿಪಿಗೆ, ಇದು ಶುಗರಿಗೆ ಅಂತ ಬಣ್ಣ ಬೇರೆ ಇರಲಿ. ಕೊಡುವವರು “ಅಜ್ಜಿ, ಇದನ್ನ ಯಾವಾಗ ತಗೊಳ್ತೀಯ, ಒಂದ್ಸಲ ಹೇಳು” ಅಂತ ಕೇಳಲಿ. ಅಜ್ಜಿ ತಪ್ಪು ಹೇಳಿದರೆ ತಿದ್ದಲು ಅರ್ಧ ನಿಮಿಷ ಸಾಕು. ರೋಗಿಗಳ ಕಡೆಯಿಂದ ಮಾಡಬೇಕಾದದ್ದು ಎರಡೇ: ಮನೆಯಲ್ಲಿರುವ ಎಲ್ಲ ಮಾತ್ರೆ, ನೋವಿನದು, ಪೊಟ್ಟಣದ್ದು, ನಾಟಿ ಔಷಧಿ ಸೇರಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಕೇಳಬೇಕಾದ ಪ್ರಶ್ನೆಯನ್ನು ಮಗಳ ಕೈಯಲ್ಲೋ ಮೊಮ್ಮಗನ ಕೈಯಲ್ಲೋ ಚೀಟಿಯಲ್ಲಿ ಬರೆಸಿಕೊಂಡು, ಡಾಕ್ಟರ ಮುಂದೆ ಕೂತ ತಕ್ಷಣ ಅದನ್ನೇ ಮೊದಲು ಮುಂದಿಡಿ.